ಕೊವ್ಯಾಕ್ಸ್ ಸೇವೆಯ ವಿಮರ್ಶೆ: ಲಸಿಕೆ ಬಂತು, ಆದರೆ ಯಾವಾಗ?

ಕೊವ್ಯಾಕ್ಸ್ ಎಂಬುದು ಲಸಿಕೆಯ ಹೆಸರಲ್ಲ. ಕೊವ್ಯಾಕ್ಸಿನ್ ಲಸಿಕೆಯೆಂದು ಇದನ್ನು ತಪ್ಪಾಗಿ ತಿಳಿಯುವವರು ಇರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಗಿದೆ. ಜಗತ್ತಿನ ದೇಶಗಳು ಒಟ್ಟಾಗಿ ಕೋವಿಡ್ ಲಸಿಕೆಯನ್ನು ಖರೀದಿಸಿ ಹಂಚಿಕೊಳ್ಳಲೆಂದು 2020ರ ಏಪ್ರಿಲ್‌ನಲ್ಲಿ ಆರಂಭವಾಗಿ, 2023ರ ಡಿಸೆಂಬರ್ 31ರಂದು ಮುಕ್ತಾಯಗೊಂಡ ಸೇವೆ ಇದು. ಬಡ ದೇಶಗಳಿಗೆ ಲಸಿಕೆ ಒದಗಿಸುವ ಅಂತರರಾಷ್ಟ್ರೀಯ ಒಕ್ಕೂಟ ಗಾವಿ, ಸಾಂಕ್ರಾಮಿಕಗಳ ವಿರುದ್ಧ ಲಸಿಕೆ ರೂಪಿಸಲು ಹಣ ನೀಡುವ ಒಕ್ಕೂಟ ಸೆಪಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮುನ್ನಡೆಸಿದವು. ಸಾಗಣೆಯ ಹೊಣೆಯನ್ನು ಯುನಿಸೆಫ್ ಹೊತ್ತಿತು. ಮುಗಿದುಹೋದ ಸೇವೆಯನ್ನು ಈಗ ಏಕೆ ಅಳೆಯಬೇಕೆಂದರೆ, ಮುಂದಿನ ಸಾಂಕ್ರಾಮಿಕ ಬಂದಾಗ ನಮ್ಮ ಕಣ್ಣೆದುರಿಗೆ ಇರುವ ದೊಡ್ಡ ಮಾದರಿ ಇದೊಂದೇ.

ಒಟ್ಟು ಲೆಕ್ಕವನ್ನಷ್ಟೇ ನೋಡಿದರೆ ಮೆಚ್ಚದಿರಲು ಸಾಧ್ಯವಿಲ್ಲ. 146 ದೇಶ ಹಾಗೂ ಪ್ರದೇಶಗಳಿಗೆ ಸುಮಾರು 200 ಕೋಟಿ ಡೋಸ್ ತಲುಪಿದೆ. ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು 27 ಲಕ್ಷ ಸಾವುಗಳು ಇದರಿಂದ ತಪ್ಪಿದವೆಂಬುದು ಗಾವಿ ನೀಡುವ ಅಂದಾಜು. ಲಸಿಕೆಯಿಂದ ಅಪರೂಪಕ್ಕೆ ಗಂಭೀರ ತೊಂದರೆಯಾದವರಿಗೆ ನ್ಯಾಯಾಲಯಕ್ಕೆ ಅಲೆಯದೆಯೇ ಪರಿಹಾರ ದೊರಕುವ ವ್ಯವಸ್ಥೆಯನ್ನು 92 ದೇಶ, ಪ್ರದೇಶಗಳಿಗಾಗಿ ರೂಪಿಸಿದ್ದನ್ನು ಹೆಚ್ಚಿನವರು ಗಮನಿಸಿಯೇ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಸೇವೆಯ ಅತ್ಯಂತ ಮಾನವೀಯ ಭಾಗ ಅದು.

ಆದರೆ ಸಾಂಕ್ರಾಮಿಕದ ನಡುವೆ ಲಸಿಕೆಯ ಬೆಲೆಯನ್ನು ನಿರ್ಧರಿಸುವುದು ಅದು ಬಂದ ತಿಂಗಳು. 2021ರ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಎರಡು ಅಂಕಿಗಳನ್ನು ಮುಂದಿಟ್ಟರು: ಹೆಚ್ಚು ಆದಾಯದ 49 ದೇಶಗಳಲ್ಲಿ 3.9 ಕೋಟಿ ಡೋಸ್ ನೀಡಿಯಾಗಿತ್ತು, ಅತಿ ಕಡಿಮೆ ಆದಾಯದ ಒಂದೇ ಒಂದು ದೇಶದಲ್ಲಿ ಕೇವಲ 25 ಡೋಸ್. ಕೊವ್ಯಾಕ್ಸ್‌ನ ಮೊದಲ ಸರಕು, ಪುಣೆಯಲ್ಲಿ ತಯಾರಾದ 6 ಲಕ್ಷ ಡೋಸ್, ಘಾನಾದ ಅಕ್ರಾದಲ್ಲಿ ಇಳಿದದ್ದು ಫೆಬ್ರುವರಿ 24ರಂದು. ಕೆಲವೇ ವಾರಗಳಲ್ಲಿ ಭಾರತದಲ್ಲಿ ಎರಡನೇ ಅಲೆ ಎದ್ದು ರಫ್ತು ನಿಂತಾಗ, ಬಹುಪಾಲು ಒಬ್ಬನೇ ಉತ್ಪಾದಕನನ್ನು ನೆಚ್ಚಿಕೊಂಡಿದ್ದ ಇಡೀ ಯೋಜನೆ ಕುಂಟಿತು. 2021ರ ಅಂತ್ಯಕ್ಕೆ 200 ಕೋಟಿ ಡೋಸ್ ಎಂಬುದು ಗುರಿಯಾಗಿತ್ತು. ನೂರನೇ ಕೋಟಿ ತಲುಪಿದ್ದು 2022ರ ಜನವರಿಯಲ್ಲಿ. ಆ ವೇಳೆಗೆ ಎಷ್ಟೋ ಕಡೆ ಸೋಂಕು ಜನರನ್ನು ಸುತ್ತುವರಿದು ಹೋಗಿತ್ತು, ಲಸಿಕೆ ಕೇಳುವವರೂ ಕಡಿಮೆಯಾಗಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಷ್ಟು ನೋವಿನಿಂದ ಅನ್ವಯಿಸುವ ಸಂದರ್ಭ ಇನ್ನೊಂದಿರಲಾರದು.

ದಾನವಾಗಿ ಬಂದ ಡೋಸ್‌ಗಳ ಕಥೆ ಇನ್ನೂ ಕಠಿಣ. ಬಾಳಿಕೆಗೆ ಐದಾರು ವಾರ ಮಾತ್ರ ಉಳಿದಿರುವ ಪೆಟ್ಟಿಗೆಗಳು ವಿಮಾನ ನಿಲ್ದಾಣಕ್ಕೆ ಬಂದಿವೆ ಎಂದುಕೊಳ್ಳಿ. ಕಾಗದಪತ್ರದ ತಪಾಸಣೆ, ರಾಜಧಾನಿಯ ಶೀತಲ ಕೊಠಡಿ, ಅಲ್ಲಿಂದ ಜಿಲ್ಲೆ, ಅಲ್ಲಿಂದ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಉಪಕೇಂದ್ರ, ಎಲ್ಲೂ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಹತ್ತು ಡೋಸ್‌ನ ಸೀಸೆಯನ್ನು ಒಮ್ಮೆ ತೆರೆದರೆ ಆರು ಗಂಟೆಯೊಳಗೆ ಹತ್ತು ಜನ ಸಿಗಬೇಕು. ಏಳೇ ಜನ ಬಂದರೆ ಉಳಿದ ಮೂರನ್ನು ಚೆಲ್ಲಬೇಕು. ನೈಜೀರಿಯಾ 2021ರ ಡಿಸೆಂಬರ್‌ನಲ್ಲಿ ಅವಧಿ ಮೀರಿದ ಹತ್ತು ಲಕ್ಷಕ್ಕೂ ಹೆಚ್ಚು ಡೋಸ್‌ಗಳನ್ನು ಅಬುಜಾದಲ್ಲಿ ನಾಶಪಡಿಸಿದಾಗ ಅದನ್ನು ಆ ದೇಶದ ಅಸಡ್ಡೆ ಎಂದವರಿದ್ದರು. ಅದು ಅನ್ಯಾಯದ ಮಾತು; ಕೊಡುವವರು ತಮ್ಮ ದಾಸ್ತಾನಿನ ತುದಿಯನ್ನು ಕೊಟ್ಟರೆ ಪಡೆಯುವವರು ಮಾಡುವುದಾದರೂ ಏನು? ತಲುಪುವಾಗ ಕನಿಷ್ಠ ಹತ್ತು ವಾರಗಳ ಬಾಳಿಕೆ ಇರಲೇಬೇಕೆಂದು ಕೊವ್ಯಾಕ್ಸ್ ಮತ್ತು ಆಫ್ರಿಕಾದ ಸಂಸ್ಥೆಗಳು ಜಂಟಿಯಾಗಿ ಕೇಳಿಕೊಂಡದ್ದು ಅದೇ ವರ್ಷದ ನವೆಂಬರ್ ಕೊನೆಯಲ್ಲಿ, ಅಂದರೆ ತೀರಾ ತಡವಾಗಿ.

ಮೂಲ ದೋಷ ಸಾಗಣೆಯಲ್ಲಿ ಇರಲಿಲ್ಲ, ಸಾಲಿನಲ್ಲಿ ನಿಂತ ಕ್ರಮದಲ್ಲಿತ್ತು. ಶ್ರೀಮಂತ ದೇಶಗಳು ಲಸಿಕೆ ಇನ್ನೂ ಪ್ರಯೋಗದಲ್ಲಿರುವಾಗಲೇ ಮುಂಗಡ ಹಣ ಕಟ್ಟಿದವು. ಕೊವ್ಯಾಕ್ಸ್ ಅದೇ ಹೊತ್ತಿನಲ್ಲಿ ದಾನಿಗಳ ಬಳಿ ಹಣ ಕೇಳುತ್ತಿತ್ತು. 2020ರ ಕೊನೆಗೆ ಬಡ ದೇಶಗಳ ಪಾಲಿನ ಖರೀದಿಗೆ ಸೇರಿದ್ದು 240 ಕೋಟಿ ಡಾಲರ್, ಅದಕ್ಕಿಂತ ಎಷ್ಟೋ ಹೆಚ್ಚು ಬಂದದ್ದು ಮರುವರ್ಷ. ಒಗ್ಗಟ್ಟಿನ ಮಾತನಾಡಿದ ಸರ್ಕಾರಗಳೇ ಹಿಂಬಾಗಿಲಿನಲ್ಲಿ ಕಂಪನಿಗಳೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಾಗ ಅವನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ.

2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆಯಾದ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದವು ಈ ಸಾಲಿನ ಕ್ರಮವನ್ನು ಬದಲಿಸಲು ನೋಡುತ್ತದೆ: ಭಾಗವಹಿಸುವ ಉತ್ಪಾದಕರು ಲಸಿಕೆ ತಯಾರಾಗುತ್ತಿರುವಾಗಲೇ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವುದು, ಅದರಲ್ಲಿ ಕನಿಷ್ಠ ಅರ್ಧದಷ್ಟು ಉಚಿತವಾಗಿ ನೀಡುವುದು ಅದರ ಗುರಿ. ಹಣದ ವಿಷಯದಲ್ಲಿ ಗಾವಿ ಪಾಠ ಕಲಿತಿದೆ ಎನ್ನಲು ಆಧಾರವಿದೆ. ತುರ್ತಿಗೆಂದು ಮೊದಲೇ ತೆಗೆದಿರಿಸಿದ ನಿಧಿಯಿಂದ 2024ರ ಸೆಪ್ಟೆಂಬರ್‌ನಲ್ಲಿ 5 ಲಕ್ಷ ಡೋಸ್ ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದ ರೋಗ) ಲಸಿಕೆಯ ಖರೀದಿಗೆ ಅದು ಒಪ್ಪಂದ ಮಾಡಿಕೊಂಡಿತು. ಜಾಗತಿಕ ತುರ್ತುಸ್ಥಿತಿ ಘೋಷಣೆಯಾಗಿ ಆಗ ಐದು ವಾರಗಳಷ್ಟೇ ಆಗಿದ್ದವು. ಆದರೂ 2023ರಿಂದ ಸೋಂಕು ಏರುತ್ತಲೇ ಇದ್ದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾದಲ್ಲಿ ಲಸಿಕೆ ನೀಡಿಕೆ ಆರಂಭವಾದದ್ದು 2024ರ ಅಕ್ಟೋಬರ್ 5ರಂದು.