ವಾರ್ಡ್ ಸಮಿತಿ ಸಭೆ: ವರ್ಷಗಟ್ಟಲೆ ಹೋಗಿ ಬಂದ ಮೇಲೆ ಬರೆದ ವಿಮರ್ಶೆ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರಿಗೆ ಕಸದ ಆಟೊ, ಬೀದಿದೀಪ, ಉದ್ಯಾನ ಇವೆಲ್ಲ ಕಣ್ಣಿಗೆ ಕಾಣುವ ಸೇವೆಗಳು. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸೇವೆ ಇದೆ: ತಿಂಗಳಿಗೊಮ್ಮೆ ಸೇರುವ ವಾರ್ಡ್ ಸಮಿತಿ ಸಭೆ. ಶುಲ್ಕವಿಲ್ಲ, ಬಾಡಿಗೆ ಮನೆಯವರೂ ಹೋಗಿ ಕೂರಬಹುದು. ಪಾಲಿಕೆ ಸದಸ್ಯರಿದ್ದ ಕಾಲದಿಂದಲೂ ನಾನು ನಮ್ಮ ವಾರ್ಡಿನ ಸಭೆಗೆ ಹೋಗುತ್ತಿದ್ದೇನೆ. ಬಡಾವಣೆಯ ಮೈದಾನ ಯಾರ ಕೈಗೆ ಹೋಗುತ್ತಿದೆ, ಯಾವ ಷರತ್ತಿನ ಮೇಲೆ ಹೋಗುತ್ತಿದೆ ಎಂದು ಬಾಯಿಬಿಟ್ಟು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಈ ಊರಿನಲ್ಲಿ ಸಿಕ್ಕಿಲ್ಲ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಈ ಸೇವೆಯ ಅರ್ಧಭಾಗ ಮಾತ್ರ ನಮಗೆ ದಕ್ಕುತ್ತಿದೆ. ವಿಮರ್ಶೆಯ ಬಹುಪಾಲು ಇದರ ಬಗ್ಗೆಯೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಅದರ 243ಎಸ್ ವಿಧಿ ಹೇಳುತ್ತದೆ. ನಮ್ಮಲ್ಲಿ ಅದು ಕಾಗದದಿಂದ ಕೊಠಡಿಗೆ ಇಳಿಯಲು ಬಹಳ ಕಾಲ ಹಿಡಿಯಿತು. ಆಗ ಪಾಲಿಕೆ ಸದಸ್ಯರೇ ಅಧ್ಯಕ್ಷರು, ಜೊತೆಗೆ ಹತ್ತು ಮಂದಿ ಸದಸ್ಯರು. ಅವರಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿಗಳ ಸಂಘದವರು ಇರಬೇಕಿತ್ತು. ಸಭೆಗೆ ತಿಂಗಳ ಮೊದಲ ಶನಿವಾರ ಎಂದು ಗೊತ್ತುಪಡಿಸಲಾಯಿತು. ನಮ್ಮ ವಾರ್ಡಿನಲ್ಲಿ ಕಚೇರಿಯ ಮಹಡಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಸಹಾಯಕ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಕಂದಾಯದವರು ಒಂದು ಸಾಲಿನಲ್ಲಿ ಕೂರುತ್ತಿದ್ದರು. ಎದುರಿಗೆ ನಾವು. ಮಧ್ಯದ ಮೇಜಿನ ಮೇಲೆ ಹಾಜರಿ ಪುಸ್ತಕ ಮತ್ತು ನಡಾವಳಿ ಪುಸ್ತಕ. ಈ ನಡಾವಳಿ ಪುಸ್ತಕವೇ ಇಡೀ ವ್ಯವಸ್ಥೆಯ ಜೀವ. ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಸಭೆ ಮುಗಿಯುವುದರೊಳಗೆ ಮರೆತುಹೋಗುತ್ತದೆ. ಪುಸ್ತಕದಲ್ಲಿ ಬರೆದದ್ದಕ್ಕೆ ಮುಂದಿನ ತಿಂಗಳು ಉತ್ತರ ಕೊಡಲೇಬೇಕು.

ಇದು ಒಳ್ಳೆಯ ರೀತಿಯಲ್ಲಿ ಕೆಲಸ ಮಾಡಿದಾಗ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಆಟದ ಮೈದಾನದ ಕಥೆಯನ್ನೇ ಹೇಳಬೇಕು. ಬಡಾವಣೆಯ ಮಧ್ಯೆ ಇರುವ ಮೈದಾನ ಅದು. ಬೆಳಿಗ್ಗೆ ಹಿರಿಯರು ನಡೆಯುತ್ತಾರೆ, ಸಂಜೆ ಮಕ್ಕಳ ನಾಲ್ಕೈದು ತಂಡಗಳು ಒಂದರ ಮೈಮೇಲೆ ಒಂದು ಬೀಳುವಂತೆ ಕ್ರಿಕೆಟ್ ಆಡುತ್ತವೆ. ಒಂದು ವರ್ಷ ವಸ್ತು ಪ್ರದರ್ಶನ ನಡೆಸುವವರೊಬ್ಬರು ಮೈದಾನ ಬೇಕೆಂದು ಅರ್ಜಿ ಹಾಕಿದರು. ಪಾಲಿಕೆ ಸದಸ್ಯರು ಆ ಅರ್ಜಿಯನ್ನು ಸಭೆಯಲ್ಲಿ ಓದಿಸಿದರು. ಕೊಡಲೇಬಾರದು ಎಂದವರು ಕೆಲವರು. ಸಣ್ಣ ವ್ಯಾಪಾರಿಗಳಿಗೆ ನಾಲ್ಕು ಕಾಸು ಸಿಗುತ್ತದೆ, ಕೊಡೋಣ ಎಂದವರು ಕೆಲವರು. ಮಾತು ಬಿಸಿಯಾಯಿತು. ಕೊನೆಗೆ ಷರತ್ತುಗಳನ್ನು ಬರೆದುಕೊಂಡರು: ಪರೀಕ್ಷೆಯ ದಿನಗಳಲ್ಲಿ ಬೇಡ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ, ನಡಿಗೆಯ ಪಥವನ್ನು ಮುಚ್ಚುವಂತಿಲ್ಲ, ಮೈದಾನ ಮೊದಲಿನಂತೆ ಆಗುವವರೆಗೆ ಠೇವಣಿ ವಾಪಸ್ ಇಲ್ಲ.

ಪ್ರದರ್ಶನ ಮುಗಿದ ಮರುದಿನ ಮೈದಾನ ನೋಡಿದರೆ ಹೊಟ್ಟೆ ಉರಿಯುವಂತಿತ್ತು. ಷಾಮಿಯಾನದ ಗೂಟ ಕಿತ್ತ ಕಡೆಯಲ್ಲೆಲ್ಲ ಗೇಣುದ್ದದ ಗುಂಡಿಗಳು. ಓಡುವ ಮಗುವಿನ ಕಾಲು ಸರಿಯಾಗಿ ಸಿಕ್ಕಿಕೊಳ್ಳುವಷ್ಟು ಅಗಲ. ಹುಲ್ಲಿನ ನಡುವೆ ಮೊಳೆಗಳು, ತಂತಿಯ ತುಂಡುಗಳು, ಜೋಳದ ತೆನೆಯ ಸಿಪ್ಪೆ. ಸಹಾಯಕ ಎಂಜಿನಿಯರ್ ನಡಾವಳಿಯ ಪ್ರತಿ ಹಿಡಿದು ಬಂದರು. ಗುಂಡಿ ಮುಚ್ಚಿದ್ದೇವೆ ಎಂದು ಪ್ರದರ್ಶನದವರು ಹೇಳಿದ ಮೇಲೆ, ಅವರು ಪ್ರತಿಯೊಂದು ಗುಂಡಿಯ ಮೇಲೂ ಹಿಮ್ಮಡಿ ಊರಿ ನೋಡಿದರು. ಮಣ್ಣು ಕುಸಿದ ಕಡೆಯೆಲ್ಲ ಸುಣ್ಣದ ಪುಡಿಯಿಂದ ಗುರುತು ಹಾಕಿಸಿದರು. ಗುರುತು ಬಿದ್ದ ಗುಂಡಿಗಳನ್ನು ಮತ್ತೆ ತೋಡಿ, ನೀರು ಹಾಕಿ, ದಮ್ಮಸ್ಸು ಮಾಡಿದ ಮೇಲೆಯೇ ಠೇವಣಿಯ ಕಡತಕ್ಕೆ ಸಹಿ ಬಿತ್ತು. ಮುಂದಿನ ಸಭೆಯಲ್ಲಿ ಅದನ್ನೂ ಓದಿ ಹೇಳಿದರು. ಮೈದಾನ ಕೊಡಬಾರದೆಂದು ವಾದಿಸಿದ್ದವರೂ ಸುಮ್ಮನಾದರು, ಏಕೆಂದರೆ ಅವರು ಹೇಳಿದ್ದನ್ನು ಯಾರೂ ತಳ್ಳಿಹಾಕಿರಲಿಲ್ಲ.

ಆಗ ವಾರ್ಡಿನ ಮೇಲೆ ಇನ್ನೆರಡು ಮೆಟ್ಟಿಲುಗಳಿದ್ದವು ಎಂಬುದನ್ನು ಮರೆಯಬಾರದು. ಪಾಲಿಕೆಯಲ್ಲಿ 198 ವಾರ್ಡುಗಳಿಂದ ಆಯ್ಕೆಯಾದವರ ಕೌನ್ಸಿಲ್ ಇತ್ತು. ತೋಟಗಾರಿಕೆ, ಮಾರುಕಟ್ಟೆ, ತೆರಿಗೆ ಮತ್ತು ಹಣಕಾಸು ಮುಂತಾಗಿ 12 ಸ್ಥಾಯಿ ಸಮಿತಿಗಳಿದ್ದವು. ಪಾಲಿಕೆಯ ಕಟ್ಟಡ, ಅಂಗಡಿ ಮಳಿಗೆ, ಖಾಲಿ ನಿವೇಶನ ಗುತ್ತಿಗೆಗೆ ಹೋಗುವ ವಿಷಯ ಕೌನ್ಸಿಲ್ ಮುಂದೆ ಬಂದರೆ ವಿರೋಧ ಪಕ್ಷದವರು ಎದ್ದು ನಿಲ್ಲುತ್ತಿದ್ದರು, ಪತ್ರಕರ್ತರು ಬರೆದುಕೊಳ್ಳುತ್ತಿದ್ದರು, ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಗಲಾಟೆ, ಧರಣಿ, ಕಾಗದ ಹರಿದೆಸೆಯುವುದು ಎಲ್ಲವೂ ಇತ್ತು. ಕೌನ್ಸಿಲಿನಲ್ಲಿ ಕೂತವರೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಆದರೆ ಸಾರ್ವಜನಿಕ ಆಸ್ತಿಯ ವಿಷಯ ಅಲ್ಲಿ ಎಲ್ಲರೆದುರು ಮಾತಿಗೆ ಬರಲೇಬೇಕಿತ್ತು, ನಾವು ಹೋಗಿ ಕೇಳಬಹುದಾದ ಒಬ್ಬ ಮನುಷ್ಯ ಅದರ ಪರವಾಗಿಯೋ ವಿರುದ್ಧವಾಗಿಯೋ ಕೈ ಎತ್ತಬೇಕಿತ್ತು.

2020ರ ನಂತರ ಕೌನ್ಸಿಲಿನ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗೆ ಹೋಯಿತು. ಬೆಂಗಳೂರಿಗೆ ಇದು ಹೊಸದಲ್ಲ. 2006ರ ಕೊನೆಯಿಂದ 2010ರ ಮಾರ್ಚ್‌ನ ಚುನಾವಣೆಯವರೆಗೂ ನಗರಕ್ಕೆ ಚುನಾಯಿತ ಕೌನ್ಸಿಲ್ ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಆಯ್ಕೆಯಾದವರ ಅವಧಿ ಮುಗಿದ ಮೇಲೆ ವಾರ್ಡುಗಳನ್ನು 243 ಮಾಡಿದರು, ನಂತರ 225ಕ್ಕೆ ಇಳಿಸಿದರು, ಗಡಿ ಬದಲಾಯಿಸಿದರು, ಮೀಸಲಾತಿ ಪಟ್ಟಿ ಬದಲಾಯಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರು. ಚುನಾವಣೆ ಮಾತ್ರ ಮುಂದೆ ಹೋಗುತ್ತಲೇ ಇತ್ತು. ವಾರ್ಡ್ ಸಭೆಯ ಅಧ್ಯಕ್ಷರ ಕುರ್ಚಿಗೆ, ವಾರ್ಡಿನ ಹೊಣೆಗೆಂದು ನೇಮಿಸಿದ ನೋಡಲ್ ಅಧಿಕಾರಿ ಬಂದರು.

ಆ ಅವಧಿಯಲ್ಲಿಯೇ ಒಂದು ದಿನ ನಮ್ಮ ಮೈದಾನದ ಕಾಲುಭಾಗಕ್ಕೆ ಬೇಲಿ ಬಿತ್ತು. ಒಳಗೆ ಬಲೆ ಕಟ್ಟಿ ಖಾಸಗಿ ಕ್ರಿಕೆಟ್ ತರಬೇತಿ ಶುರುವಾಯಿತು. ತಿಂಗಳ ಶುಲ್ಕ ಕಟ್ಟುವ ಮಕ್ಕಳಿಗೆ ಒಳಗೆ ಜಾಗ. ಅಲ್ಲಿಯವರೆಗೆ ಅದೇ ನೆಲದಲ್ಲಿ ಆಡುತ್ತಿದ್ದ ಗ್ಯಾರೇಜಿನ ಹುಡುಗರು, ಹಿಂದಿನ ಬೀದಿಯ ಮಕ್ಕಳು ಬೇಲಿಯ ಹೊರಗೆ. ನೆರೆಯವರೊಬ್ಬರು ದೂರು ದಾಖಲಿಸಿದರು. ಒಬ್ಬರು ಬಂದು ಬೇಲಿಯ ಫೋಟೊ ತೆಗೆದುಕೊಂಡು ಹೋದರು. ಅನುಮತಿ ಇದೆ ಎಂಬ ಷರಾದೊಂದಿಗೆ ದೂರು ಮುಕ್ತಾಯವಾಯಿತು. ದೂರು ಸ್ವೀಕರಿಸಿದವರದು ತಪ್ಪೆಂದು ಹೇಳಲಾರೆ. ದೀಪ ಉರಿಯುತ್ತಿಲ್ಲ ಎಂಬುದು ದೂರು. ಮೈದಾನವನ್ನು ಕೊಡಬಹುದೇ ಎಂಬ ಪ್ರಶ್ನೆಯನ್ನು ದೂರಿನ ಪಟ್ಟಿಗೆ ಹೇಗೆ ಸೇರಿಸುವುದು?

ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು. ಉತ್ತರವಾಗಿ ಒಂದು ಪುಟದ ಅನುಮತಿ ಪತ್ರದ ನಕಲು ಬಂತು. ಯಾವ ಸಭೆಯಲ್ಲಿ ಚರ್ಚೆಯಾಯಿತು, ಯಾರನ್ನು ಕೇಳಿದರು, ಎಷ್ಟು ಮಕ್ಕಳಿಗೆ ಉಚಿತ, ಬೇಲಿ ಯಾವಾಗ ತೆಗೆಯಬೇಕು, ಯಾವುದೂ ಅದರಲ್ಲಿಲ್ಲ. ಅದನ್ನು ಹಿಡಿದು ಸಭೆಗೆ ಹೋದೆ. ನೋಡಲ್ ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. ಅವರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳುತ್ತಿದ್ದರು.

"ಮೇಡಂ, ವರದಿ ಬರೆದು ಮೇಲಿನ ಕಚೇರಿಗೆ ಕಳುಹಿಸುವುದಷ್ಟೇ ನನ್ನ ಕೈಯಲ್ಲಿರುವುದು. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವನು ನಾನಲ್ಲ" ಎಂದರು.

"ಹಾಗಾದರೆ ಯಾರು ಸರ್?"

ಅದಕ್ಕೆ ಅವರ ಬಳಿ ಹೆಸರಿರಲಿಲ್ಲ. ಐದು ವರ್ಷ ಬೆಂಗಳೂರಿನ ಸಾರ್ವಜನಿಕ ಆಸ್ತಿಯ ಪಾಡು ಏನಾಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಈ ಸಂಭಾಷಣೆಯನ್ನೇ ಹೇಳುತ್ತೇನೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದು ರಾಜ್ಯದಲ್ಲಿ 1985ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಕಾಯ್ದೆ ಇದ್ದೂ ಅದನ್ನು ಎತ್ತಿ ಹಿಡಿದು ಮಾತನಾಡಬೇಕಾದ ಕುರ್ಚಿ ಖಾಲಿ ಇತ್ತು. ಆದರೂ ಸಭೆಗೆ ಹೋದದ್ದು ಪೂರ್ತಿ ವ್ಯರ್ಥವಾಗಲಿಲ್ಲ. ವಿಷಯ ನಡಾವಳಿಯಲ್ಲಿ ದಾಖಲಾಯಿತು, ವರದಿ ಹೋಯಿತು, ಹಲವು ತಿಂಗಳ ಮೇಲೆ ಬೇಲಿಯ ಗೇಟನ್ನು ಬೆಳಗಿನ ಹೊತ್ತು ಎಲ್ಲರಿಗೂ ತೆರೆದಿಡಬೇಕೆಂಬ ಸೂಚನೆ ಬಂತು. ಸಂಜೆ ಈಗಲೂ ಮುಚ್ಚಿರುತ್ತದೆ. ಮಕ್ಕಳು ಆಡುವುದು ಸಂಜೆ.

ಉಳಿದ ಸೇವೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೀದಿದೀಪ, ಬಿದ್ದ ಕೊಂಬೆ, ಕಟ್ಟಿಕೊಂಡ ಚರಂಡಿಗೆ ವಾರ್ಡ್ ಸಭೆಯವರೆಗೆ ಕಾಯಬೇಕಿಲ್ಲ; ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಸ ವಿಲೇವಾರಿಗೆ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೇ ಬಳಕೆದಾರರ ಶುಲ್ಕ ಸೇರಿದೆ. 600 ಚದರ ಅಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿ ಮೀರಿದ್ದಕ್ಕೆ 400. ನನಗೆ ಶುಲ್ಕದ ಬಗ್ಗೆ ತಕರಾರಿಲ್ಲ. ಆದರೆ ನಗರದ ಪ್ರತಿ ಮನೆಗೂ ತಟ್ಟುವ ಒಂದು ಶುಲ್ಕ ಒಬ್ಬ ಪಾಲಿಕೆ ಸದಸ್ಯರ ಮಾತೂ ಇಲ್ಲದೆ ಜಾರಿಗೆ ಬಂತಲ್ಲ, ಅದು ನೋವಿನ ಸಂಗತಿ. ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ 2024ರ ತೀರ್ಮಾನ ಮಾತ್ರ ನಿಜಕ್ಕೂ ಒಳ್ಳೆಯದು. ಅದಕ್ಕೂ ಮೊದಲು ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿ ಮಧ್ಯಾಹ್ನ ಒಂದೂವರೆಗೆ ತೆಗೆಯುತ್ತಿದ್ದರು. ವಿತರಣೆಯ ಹುಡುಗರು, ಮನೆಗೆಲಸ ಮುಗಿಸಿ ಬರುವ ಹೆಂಗಸರು ಬಿಸಿಲಿನಲ್ಲಿ ಗೇಟಿನ ಹೊರಗೆ ಕೂರುತ್ತಿದ್ದರು. ಈಗ ಅವರು ಒಳಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಉದ್ಯಾನ ಇರುವುದೇ ಅದಕ್ಕೆ.

ಸಭೆಯ ದೊಡ್ಡ ಕೊರತೆಯನ್ನೂ ಹೇಳಬೇಕು: ಅಲ್ಲಿಗೆ ಬರುವವರು ಯಾರು ಎಂಬುದು. ಶನಿವಾರ ಹಗಲಿನಲ್ಲಿ ಬಿಡುವಿರುವವರು ನಿವೃತ್ತರು, ಸ್ವಂತ ಮನೆಯವರು, ಸಂಘದ ಪದಾಧಿಕಾರಿಗಳು. ಪೌರಕಾರ್ಮಿಕರ ಬಗ್ಗೆ ಮಾತಾಗುತ್ತದೆ, ಪೌರಕಾರ್ಮಿಕರು ಇರುವುದಿಲ್ಲ. ಬೀದಿ ವ್ಯಾಪಾರಿಗಳನ್ನು ತೆರವುಗೊಳಿಸಿ ಎಂದು ಕೂಗು ಏಳುತ್ತದೆ, ವ್ಯಾಪಾರಿಗಳಲ್ಲಿ ಒಬ್ಬರೂ ಇರುವುದಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಆ ನ್ಯಾಯ ವಾರ್ಡ್ ಸಭೆಯ ಕೊಠಡಿಗೂ ಬರಬೇಕು. ಒಂದು ಸಲ ನಾನೇ ನಮ್ಮ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುವವರನ್ನು ಕರೆದುಕೊಂಡು ಹೋದೆ. "ನನ್ನ ಬುಟ್ಟಿಗೆ ಬೇಕಾದದ್ದು ಮೂರಡಿ ಜಾಗ ಸ್ವಾಮಿ, ಪಾದಚಾರಿ ಮಾರ್ಗದ ಮೇಲೆ ನಿಂತಿರುವ ಕಾರಿಗೆ ಎಷ್ಟು ಬೇಕು ನೋಡಿ" ಎಂದು ಅವರು ಕೇಳಿದಾಗ ಕೊಠಡಿಯಲ್ಲಿ ಉತ್ತರ ಹೇಳುವವರಿರಲಿಲ್ಲ. ಅಂದಿನ ನಡಾವಳಿಯಲ್ಲಿ ಕಾರು ನಿಲುಗಡೆಯೂ ಒಂದು ವಿಷಯವಾಗಿ ಸೇರಿತು. ಸಭೆಯನ್ನು ಒಮ್ಮೆಯಾದರೂ ಭಾನುವಾರ ಸಂಜೆ ಮೈದಾನದಲ್ಲೇ ನಡೆಸಿ ಎಂದು ನಾನು ಅಂದಿನಿಂದ ಕೇಳುತ್ತಲೇ ಇದ್ದೇನೆ.

2025ರ ಸೆಪ್ಟೆಂಬರ್ 2ರಿಂದ ವ್ಯವಸ್ಥೆಯೇ ಬದಲಾಗಿದೆ. ಒಂದು ಬೃಹತ್ ಪಾಲಿಕೆಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ವಾರ್ಡುಗಳ ಸಂಖ್ಯೆ 369ಕ್ಕೆ ಏರಿದೆ. ವಾರ್ಡ್ ಚಿಕ್ಕದಾದಷ್ಟೂ ಪಾಲಿಕೆ ಸದಸ್ಯರ ಮನೆ ಬಾಗಿಲು ಹತ್ತಿರವಾಗುತ್ತದೆ, ಇದು ನನಗೆ ಸಂತೋಷವೇ. ಆದರೆ ಮತ ಕೇಳಲು ಬರುವವರಿಗೆ ರಸ್ತೆ ಗುಂಡಿಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ: ನಮ್ಮ ವಾರ್ಡಿನಲ್ಲಿ ಪಾಲಿಕೆಗೆ ಸೇರಿದ ಮೈದಾನ, ಕಟ್ಟಡ, ಮಳಿಗೆ, ಖಾಲಿ ಜಾಗ ಎಷ್ಟಿವೆ, ಯಾರ ಬಳಿ ಇವೆ, ಗುತ್ತಿಗೆ ಎಂದಿಗೆ ಮುಗಿಯುತ್ತದೆ? ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುತ್ತೀರಾ?

ಹೊಸದಾಗಿ ಸಭೆಗೆ ಹೋಗುವವರಿಗೆ ನನ್ನ ಅನುಭವದಿಂದ ಕೆಲವು ಸೂಚನೆಗಳು. ವಿಷಯವನ್ನು ಒಂದೇ ಪುಟದಲ್ಲಿ ಬರೆದು ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಂದು ಸಭೆಗೆ ಒಂದೇ ವಿಷಯ ಸಾಕು. ನೀವು ಆಡಿದ ಮಾತು ನಡಾವಳಿಯಲ್ಲಿ ಹೇಗೆ ದಾಖಲಾಯಿತು ಎಂದು ಎದ್ದು ಬರುವ ಮುಂಚೆ ಓದಿಸಿ ಕೇಳಿ. "ಪರಿಶೀಲಿಸಲಾಗುವುದು" ಎಂದಷ್ಟೇ ಬರೆದಿದ್ದರೆ ಯಾರು, ಯಾವ ತಾರೀಖಿನೊಳಗೆ ಎಂದು ಸೇರಿಸಲು ಹೇಳಿ. ನಿಮ್ಮ ಮಾತನ್ನು ವಿರೋಧಿಸುವ ನೆರೆಯವರನ್ನೂ ಕರೆದುಕೊಂಡು ಹೋಗಿ.

ನಕ್ಷತ್ರ ಕೊಡುವುದಾದರೆ ಪಾಲಿಕೆ ಸದಸ್ಯರಿದ್ದ ಕಾಲದ ಸಭೆಗೆ ಐದರಲ್ಲಿ ನಾಲ್ಕು, ಅವರಿಲ್ಲದ ಕಾಲದ್ದಕ್ಕೆ ಎರಡು. ತರಬೇತಿಯವರ ಅನುಮತಿಯನ್ನು ಮುಂದುವರಿಸುವ ಮೊದಲು ವಾರ್ಡ್ ಸಮಿತಿಯನ್ನು ಕೇಳಬೇಕೆಂದು ನಾವು ಬರೆದುಕೊಟ್ಟಿದ್ದೇವೆ. ಅದನ್ನು ಸಭೆಯಲ್ಲಿ ಓದಿ, ಪರ ವಿರೋಧ ಕೇಳಿ, ಕೈ ಎತ್ತಿಸಿ ತೀರ್ಮಾನಿಸಿದ ದಿನ, ತೀರ್ಮಾನ ನಮ್ಮ ಪರವಾಗಿ ಬರದಿದ್ದರೂ, ಈ ವಿಮರ್ಶೆಯನ್ನು ತಿದ್ದಿ ಬರೆಯುತ್ತೇನೆ.