ಕ್ಯಾಟಮರಾನ್‌ಗೆ ಯಾವ ಹಾಯಿ? ಹಾರಂಗಿ ಹಿನ್ನೀರಿನಲ್ಲಿ ಬರ್ಮುಡಾ, ಜಂಕ್ ಎರಡನ್ನೂ ಕಟ್ಟಿ ನೋಡಿದೆ

ಎರಡು ಒಡಲುಗಳನ್ನು ಜೋಡಿಸಿದ ಹಾಯಿದೋಣಿ, ಅಂದರೆ 16 ಅಡಿಯ ಹಳೆಯ ಕ್ಯಾಟಮರಾನ್ ಒಂದನ್ನು ಮಂಗಳೂರಿನಿಂದ ಲಾರಿಯಲ್ಲಿ ತಂದಿಳಿಸಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಕಾಫಿ ಬಿಟ್ಟು ಮೀನು ಹಿಡಿಯಲು ಹೊರಟೆಯಾ?"

ದೋಣಿಯ ಜೊತೆಗೆ ಬಂದದ್ದು ಬರ್ಮುಡಾ ಹಾಯಿ. ಎತ್ತರದ ಒಂದು ತ್ರಿಕೋನ, ಮುಂದೆ ಇನ್ನೊಂದು ಸಣ್ಣದು, ಕಂಬವನ್ನು ಮೂರು ಕಡೆಯಿಂದ ಬಿಗಿದ ತಂತಿಗಳು. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಹಾರಂಗಿಯಲ್ಲಿ ಗಾಳಿ ಗುಡ್ಡಗಳ ಸಂದಿನಿಂದ ಬರುತ್ತದೆ. ಸತ್ತಂತೆ ಬಿದ್ದಿದ್ದು ಒಮ್ಮೆಲೇ ಎದ್ದು ಬಡಿಯುತ್ತದೆ. ಒಂದೇ ಒಡಲಿನ ದೋಣಿ ವಾಲಿಕೊಂಡು ಗಾಳಿಯನ್ನು ಚೆಲ್ಲುತ್ತದೆ. ಎರಡೊಡಲಿನದು ವಾಲದೆ ಹಟ ಹಿಡಿಯುತ್ತದೆ, ಹೊಡೆತವೆಲ್ಲ ಕಂಬಕ್ಕೆ. ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ತೆವಳಿಕೊಂಡು ಹೋಗಿ ಒದ್ದೆ ಹಾಯಿಯನ್ನು ಕಿರಿದು ಮಾಡಿ ಕಟ್ಟುವಷ್ಟರಲ್ಲಿ ಗಾಳಿಯೇ ನಿಂತಿರುತ್ತಿತ್ತು. ಒಮ್ಮೆ ಮಗುಚಿಯೂ ಆಯಿತು.

ಆಗ ಚೀನೀಯರ ಜಂಕ್ ಹಾಯಿಯ, ಅಂದರೆ ಉದ್ದಕ್ಕೂ ಅಡ್ಡಪಟ್ಟಿಗಳಿದ್ದು ಬೀಸಣಿಗೆಯಂತೆ ಮಡಿಸಬಹುದಾದ ಹಾಯಿಯ, ಹುಚ್ಚು ಹಿಡಿಯಿತು. 1960ರಲ್ಲಿ ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ ತಮ್ಮ ಪುಟ್ಟ ದೋಣಿ 'ಜೆಸ್ಟರ್'ಗೆ ಇದನ್ನೇ ಕಟ್ಟಿ, ಒಂಟಿಯಾಗಿ ಅಟ್ಲಾಂಟಿಕ್ ದಾಟುವ ಸ್ಪರ್ಧೆಯಲ್ಲಿ 48 ದಿನಗಳಲ್ಲಿ ಎರಡನೆಯವರಾಗಿ ಬಂದಿದ್ದರು. ಜೆಸ್ಟರ್‌ಗೆ ಒಂದೇ ಒಡಲು ಎಂಬುದು ನನ್ನ ತಲೆಗೆ ಹೊಳೆದದ್ದು ಮರಕ್ಕೆ ಗರಗಸ ಹಾಕಿದ ಮೇಲೆ.

ಜಂಕ್ ಕಂಬಕ್ಕೆ ಸಾಮಾನ್ಯವಾಗಿ ತಂತಿಯ ಆಸರೆ ಇರುವುದಿಲ್ಲ, ಬುಡವನ್ನು ಒಡಲೊಳಗೆ ಆಳವಾಗಿ ಹುಗಿಯಬೇಕು. ಕ್ಯಾಟಮರಾನ್‌ನ ನಡುವೆ ಇರುವುದು ಬಲೆ, ಅದರ ಕೆಳಗೆ ನೀರು! ಒಡಲಿಗೊಂದು ಕಂಬ ನೆಡುವವರಿದ್ದಾರೆ. ನನ್ನ ಒಡಲುಗಳು ಅದಕ್ಕೆ ತೀರಾ ಸಪೂರ. ಕೊನೆಗೆ ಅಡ್ಡತೊಲೆಗಳ ನಡುವೆ ಎರಡಡಿ ಆಳದ ಮರದ ಪೆಟ್ಟಿಗೆ ಕೂರಿಸಿದೆ. ಅಲೆ ತಾಗಿದರೆ ಅದು ದುಡಿಯಂತೆ ಬಡಿದುಕೊಳ್ಳುತ್ತದೆ. ತೋಟದ ಸ್ಪ್ರಿಂಕ್ಲರ್‌ನ ಅಲ್ಯೂಮಿನಿಯಂ ಪೈಪನ್ನು ಕಂಬ ಮಾಡಿದ್ದೆ, ಮೊದಲ ಜೋರು ಗಾಳಿಗೇ ಪೆಟ್ಟಿಗೆಯ ಬಾಯಲ್ಲಿ ಮಡಿಸಿಹೋಯಿತು. ಈಗಿರುವುದು ಸಿಲ್ವರ್ ಓಕ್. ಭಾರ ಹೆಚ್ಚು, ಆದರೆ ಬಾಗಿ ಏಳುತ್ತದೆ.

ಹಾಯಿಗೆ ಕಾಫಿ ಒಣಗಿಸುವ ಟಾರ್ಪಾಲು, ಅಡ್ಡಪಟ್ಟಿಗೆ ಸಣ್ಣ ಬಿದಿರು. ಬಿದಿರಿನ ಗೆಣ್ಣುಗಳನ್ನು ಉಜ್ಜಿ ನುಣುಪು ಮಾಡದಿದ್ದರೆ ಬಟ್ಟೆ ಸವೆಯುತ್ತದೆ. ಮೊದಲ ಹಾಯಿಯನ್ನು ಚಪ್ಪಟೆಯಾಗಿ ಹೊಲಿಸಿದ್ದೆ, ಗಾಳಿಗೆದುರಾಗಿ ಅದು ಹೋಗಲೇ ಇಲ್ಲ. ಎರಡನೆಯದರಲ್ಲಿ ಅಡ್ಡಪಟ್ಟಿಗಳ ನಡುವೆ ಬಟ್ಟೆ ಉಬ್ಬಲು ಸ್ವಲ್ಪ ಸಡಿಲ ಬಿಡಿಸಿದೆ. ಕುಶಾಲನಗರದ ಟೈಲರ್‌ಗೆ ಇದು ಸಹಿಸಲಾಗಲಿಲ್ಲ. "ಸಾರ್, ಹೊಟ್ಟೆ ಬರುತ್ತಿದೆ, ಎಳೆದು ಹೊಲಿಯಲೇ?" "ಆ ಹೊಟ್ಟೆಗೇ ನಾನು ದುಡ್ಡು ಕೊಡುತ್ತಿರುವುದು ಮಾರಾಯರೇ" ಎಂದೆ.

ಹೊಟ್ಟೆ ಬಂದ ಮೇಲೂ ಎದುರುಗಾಳಿಯಲ್ಲಿ ಬರ್ಮುಡಾವೇ ಮುಂದು. ಹಗುರವಾದ ಈ ದೋಣಿ ಗಾಳಿಗೆ ಮುಖ ಕೊಟ್ಟು ತಿರುಗುವಾಗ ಓಟ ಕಳೆದುಕೊಳ್ಳುತ್ತದೆ. ಮೊದಲೆಲ್ಲ ಮುಂದಿನ ಸಣ್ಣ ಹಾಯಿ ಮೂತಿಯನ್ನು ತಳ್ಳಿ ತಿರುಗಿಸುತ್ತಿತ್ತು. ಜಂಕ್‌ನಲ್ಲಿ ಅದಿಲ್ಲ, ನಡುವೆಯೇ ಸಿಕ್ಕಿಕೊಳ್ಳುತ್ತೇನೆ. ಈಗ ಗಾಳಿಗೆ ಬೆನ್ನು ಕೊಟ್ಟು ಸುತ್ತು ಹಾಕಿಯೇ ತಿರುಗಿಸುವುದು. ಹಾಯಿಯ ಒಂದು ಭಾಗ ಕಂಬದ ಮುಂದೆಯೂ ಇರುವುದರಿಂದ ಅದು ರಪ್ಪನೆ ಬೀಸುವುದಿಲ್ಲ.

ಆದರೆ ಗಾಳಿ ಎದ್ದಾಗಿನ ಸುಖವೇ ಬೇರೆ. ಕುಳಿತಲ್ಲೇ ಒಂದು ಹಗ್ಗ ಸಡಿಲಿಸಿದರೆ ಒಂದು ಪಟ್ಟಿ ಬೀಸಣಿಗೆಯಂತೆ ಮಡಿಸಿಕೊಂಡು ಕೆಳಗೆ ಕೂರುತ್ತದೆ. ಇನ್ನೂ ಜೋರೇ? ಇನ್ನೊಂದು ಪಟ್ಟಿ. ಕಳೆದ ತಿಂಗಳು ಬಿದಿರೊಂದು ಲಟಕ್ಕೆಂದು ಮುರಿದರೂ ಹಾಯಿ ಹರಿಯಲಿಲ್ಲ, ಕುಂಟುತ್ತಲೇ ದಡ ಸೇರಿದೆ.

ನನಗೆ ಜಂಕೇ ಸಾಕು. ಹಳೆಯ ತಂತಿಗಳನ್ನು ಮಾತ್ರ ಗುಜರಿಗೆ ಹಾಕಿಲ್ಲ. ರಜೆಗೆ ಬರುವ ಅಕ್ಕನ ಮಗನಿಗೆ ಬರ್ಮುಡಾವೇ ಬೇಕಂತೆ.