ನೀರಿನಲ್ಲಿ ಗಳಿಸಿ ದಡದಲ್ಲಿ ಕಳೆದುಕೊಳ್ಳುವುದು: ಮಧ್ಯಮ ದರ್ಜೆಯ ಒಂದು ಟ್ರಯಥ್ಲಾನ್ ವೆಟ್‌ಸೂಟ್, ಎರಡು ಋತುಗಳ ಬಳಕೆಯ ನಂತರ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಟ್ರಯಥ್ಲಾನಿನಲ್ಲಿ, ಈಜಿಗೆಂದು ಎರಡು ಸ್ಪರ್ಧಾ ಋತುಗಳಿಂದ ನಾನು ತೊಡುತ್ತಿರುವ ಪೂರ್ಣ ತೋಳಿನ ವೆಟ್‌ಸೂಟಿನ, ಅಂದರೆ ಮೈಗಂಟುವ ರಬ್ಬರಿನ ಉಡುಪಿನ, ವಿಮರ್ಶೆ ಇದು. ತಯಾರಕರ ಪಟ್ಟಿಯಲ್ಲಿ ಇದು ತೀರ ಅಗ್ಗದ್ದೂ ಅಲ್ಲ, ತೀರ ದುಬಾರಿಯದೂ ಅಲ್ಲ. ನೌಕರಿ, ಸಂಸಾರಗಳ ನಡುವೆ ಉಳಿದ ಹೊತ್ತಿನಲ್ಲಿ ಅಭ್ಯಾಸ ಮಾಡಿ ವರ್ಷಕ್ಕೆ ಮೂರೋ ನಾಲ್ಕೋ ಸ್ಪರ್ಧೆಗಳಿಗೆ ಇಳಿಯುವ ನನ್ನಂಥ ಕ್ಲಬ್ ಸ್ಪರ್ಧಿಗಳು ಸಾಮಾನ್ಯವಾಗಿ ಕೊಳ್ಳುವ ಮಧ್ಯಮ ದರ್ಜೆಯ ಸೂಟು. ಇದನ್ನು ತೊಟ್ಟು ಆರು ಸ್ಪರ್ಧೆಗಳನ್ನು ಮುಗಿಸಿದ್ದೇನೆ. ಹೆಚ್ಚುಕಡಿಮೆ ನನ್ನದೇ ಮೈಕಟ್ಟಿನ ಇಬ್ಬರು ಕ್ಲಬ್ ಗೆಳೆಯರೂ ಎರವಲು ಪಡೆದು ಈಜಿದ್ದಾರೆ, ಆದ್ದರಿಂದ ಇಲ್ಲಿರುವುದು ಒಬ್ಬನ ಅಭಿಪ್ರಾಯವಷ್ಟೇ ಅಲ್ಲ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದರ ಗುಣದೋಷಗಳಲ್ಲಿ ಹೆಚ್ಚಿನವು ಈ ದರ್ಜೆಯ ಎಲ್ಲ ಸೂಟುಗಳಿಗೂ ಸಲ್ಲುವಂಥವು.

ಸೂಟಿನ ಎದೆ ಮತ್ತು ತೊಡೆಯ ಭಾಗದಲ್ಲಿ ನಿಯೋಪ್ರೀನಿನ ದಪ್ಪ 5 ಮಿಲಿಮೀಟರ್, ಮೊಣಕಾಲಿನ ಕೆಳಗೆ 3, ಭುಜ ಮತ್ತು ಕಂಕುಳಿನಲ್ಲಿ 1.5. ಅಂತರರಾಷ್ಟ್ರೀಯ ನಿಯಮ ಎಲ್ಲಿಯೂ 5 ಮಿಲಿಮೀಟರಿಗಿಂತ ಹೆಚ್ಚು ದಪ್ಪವನ್ನು ಒಪ್ಪುವುದಿಲ್ಲವಾದ್ದರಿಂದ, ತಯಾರಕರ ಜಾಣ್ಮೆಯೆಲ್ಲ ಆ ಮಿತಿಯೊಳಗೆ ಎಲ್ಲಿ ದಪ್ಪ ಇಡಬೇಕು, ಎಲ್ಲಿ ತೆಳುವಾಗಿಸಬೇಕು ಎಂಬುದರಲ್ಲೇ ಇರುತ್ತದೆ. ನಿಯೋಪ್ರೀನ್ ಎಂದರೆ ಅಸಂಖ್ಯ ಪುಟ್ಟ ಅನಿಲದ ಗುಳ್ಳೆಗಳನ್ನು ಒಳಗೇ ಮುಚ್ಚಿಟ್ಟುಕೊಂಡ ಕೃತಕ ರಬ್ಬರು. ಆ ಗುಳ್ಳೆಗಳೇ ಮೈಯನ್ನು ತೇಲಿಸುತ್ತವೆ, ಶಾಖ ಹೊರಹೋಗದಂತೆಯೂ ತಡೆಯುತ್ತವೆ. ಸೂಟು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒಳಗೆ ಸೇರಿದ ತೆಳುವಾದ ನೀರಿನ ಪದರ ಮೈಯ ಬಿಸಿಗೆ ಬೆಚ್ಚಗಾಗುತ್ತದೆ, ಸೂಟು ಮೈಗೆ ಅಂಟಿಕೊಂಡಿದ್ದರೆ ಮಾತ್ರ ಆ ಬೆಚ್ಚಗಿನ ನೀರು ಒಳಗೇ ಉಳಿಯುತ್ತದೆ. ಬೆನ್ನಿನ ಕೆಳಗೆ ಒಂದು ಕಡೆ ಸಡಿಲವಾಗಿದ್ದರೂ ಪ್ರತಿ ಕೈಬೀಸಿಗೆ ಹೊಸ ತಣ್ಣೀರು ಒಳನುಗ್ಗುತ್ತದೆ. ಎರವಲು ಪಡೆದ ಗೆಳೆಯರಲ್ಲಿ ಒಬ್ಬರಿಗೆ, ನನಗಿಂತ ಸೊಂಟ ಸಣ್ಣದಾದ್ದರಿಂದ, ಇದೇ ತೊಂದರೆಯಾಯಿತು.

ನೀರಿನೊಳಗಿನ ನಡವಳಿಕೆಯ ಬಗ್ಗೆ ದೂರಲು ಹೆಚ್ಚೇನಿಲ್ಲ. ಓಟದಿಂದಲೋ ಸೈಕಲ್ಲಿನಿಂದಲೋ ಈ ಕ್ರೀಡೆಗೆ ಬಂದವರ ಕಾಲುಗಳು ನೀರಿನಲ್ಲಿ ಮುಳುಗುವುದೇ ಹೆಚ್ಚು, ನನ್ನವೂ ಹಾಗೆಯೇ. ತೊಡೆಯ ದಪ್ಪ ಪದರ ಕಾಲುಗಳನ್ನು ಎತ್ತಿ ಹಿಡಿಯುವುದರಿಂದ ಮೈ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಒಂದೇ ಬೆಳಗ್ಗೆ, ಒಂದೇ ಕೊಳದಲ್ಲಿ, ನಡುವೆ ಸಾಕಷ್ಟು ವಿಶ್ರಾಂತಿ ಪಡೆದು, ಸೂಟಿಲ್ಲದೆ ಮತ್ತು ಸೂಟು ತೊಟ್ಟು 400 ಮೀಟರ್ ಈಜಿ ನೋಡಿದೆ: ನನಗೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚೇ ಉಳಿತಾಯವಾಯಿತು. ಶಾಲಾದಿನಗಳಿಂದಲೂ ಈಜುವ ಗೆಳತಿಯೊಬ್ಬರು ತಮ್ಮ ಸೂಟಿನಲ್ಲಿ ಇದೇ ಪರೀಕ್ಷೆ ಮಾಡಿದಾಗ ಅವರಿಗೆ ಉಳಿದದ್ದು ಒಂಬತ್ತೇ ಸೆಕೆಂಡು. ಅವರ ಕಾಲುಗಳು ಮೊದಲೇ ಮೇಲಿದ್ದವು, ಎತ್ತುವುದಕ್ಕೆ ಸೂಟಿಗೆ ಕೆಲಸವೇ ಇರಲಿಲ್ಲ. ವೆಟ್‌ಸೂಟು ಚೆನ್ನಾಗಿ ಈಜಲು ಬಾರದವರಿಗೇ ಹೆಚ್ಚು ಒಲಿಯುತ್ತದೆ ಎಂದು ಕ್ಲಬ್ಬಿನ ಹಿರಿಯರು ಹೇಳುತ್ತಿದ್ದುದನ್ನು ಆ ದಿನದವರೆಗೆ ನಾನು ತಮಾಷೆಯೆಂದೇ ತಿಳಿದಿದ್ದೆ.

ಭುಜದ ತೆಳು ಪದರ ಸಾಕಷ್ಟು ಹಿಗ್ಗುತ್ತದೆ. ಆದರೂ 1.5 ಕಿಲೋಮೀಟರಿನ ಈಜಿನ ಕೊನೆಯ ಕಾಲುಭಾಗದಲ್ಲಿ, ರಬ್ಬರಿನ ಪಟ್ಟಿಯೊಂದನ್ನು ಎಳೆದೆಳೆದು ಬಿಟ್ಟಂಥ ದಣಿವು ತೋಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ತೊಡುವಾಗ ತೋಳನ್ನು ಕಂಕುಳಿನವರೆಗೆ ಮಡಿಕೆಯಿಲ್ಲದೆ ಮೇಲೆಳೆದುಕೊಂಡಿದ್ದರೆ ಈ ದಣಿವು ಅರ್ಧಕ್ಕಿಳಿಯುತ್ತದೆ. ಸೂಟು ಬಿಗಿ ಎಂದು ದೂರುವವರಲ್ಲಿ ಹಲವರು ಅದನ್ನು ಪೂರ್ತಿಯಾಗಿ ತೊಟ್ಟೇ ಇರುವುದಿಲ್ಲ. ಸೊಂಟದ ಬಳಿ ಎರಡು ಬೆರಳಷ್ಟು ಸುಕ್ಕು ಉಳಿದರೂ ಆ ಕೊರತೆಯನ್ನು ಭುಜವೇ ತುಂಬಿಕೊಡಬೇಕಾಗುತ್ತದೆ. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ. ನನಗೆ ತೊಡಲು ಇಂದಿಗೂ ಹತ್ತು ನಿಮಿಷ ಬೇಕು.

ಕೊರಳಪಟ್ಟಿಯ ವಿಷಯದಲ್ಲಿ ನನ್ನ ತಕರಾರಿದೆ. ಅದರ ಅಂಚುಗಳು ಕತ್ತಿನ ಹಿಂದೆ ಅಂಟುಪಟ್ಟಿಯಿಂದ ಕೂಡಿಕೊಳ್ಳುತ್ತವೆ. ಒರಟು ಪಟ್ಟಿ ನಯವಾದ ಪಟ್ಟಿಯ ಮೇಲೆ ಕರಾರುವಾಕ್ಕಾಗಿ ಕೂರದೆ ಒಂದು ಎಳೆಯಷ್ಟು ಹೊರಚಾಚಿದರೂ, ಉಸಿರಿಗಾಗಿ ತಲೆ ಹೊರಳಿಸಿದಾಗಲೆಲ್ಲ ಕತ್ತಿನ ಹಿಂಭಾಗವನ್ನು ಅದು ಗರಗಸದಂತೆ ತೀಡುತ್ತದೆ. ಮೊದಲ ಸ್ಪರ್ಧೆ ಮುಗಿಸಿ ಸ್ನಾನಕ್ಕೆ ನಿಂತಾಗ ನೀರು ತಾಗಿ ಕಿರುಚಿಕೊಂಡ ಮೇಲೆಯೇ ಕತ್ತು ಸುಲಿದಿರುವುದು ನನಗೆ ತಿಳಿದದ್ದು. ಜಾರುವ ಮುಲಾಮು ಹಚ್ಚಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಆದರೆ ಪೆಟ್ರೋಲಿಯಂ ಜೆಲ್ಲಿ ನಿಯೋಪ್ರೀನನ್ನು ಕೆಡಿಸುತ್ತದೆಂದು ತಯಾರಕರು ಎಚ್ಚರಿಸಿರುವುದರಿಂದ, ಈಜುಗಾರರಿಗೆಂದೇ ಮಾಡಿದ ಮುಲಾಮನ್ನು ಬಳಸುತ್ತೇನೆ.

ಇದಕ್ಕಿಂತ ಗಂಭೀರವಾದದ್ದು ಎದೆಯ ಬಿಗಿತ. ಅಂಗಡಿಯಲ್ಲಿ ನಿಂತು ತೊಟ್ಟಾಗ ಸರಿಯೆನಿಸಿದ ಸೂಟು, ತಣ್ಣೀರಿಗೆ ಇಳಿದು, ಸುತ್ತ ನೂರಾರು ಕೈಕಾಲುಗಳು ಬಡಿದಾಡುವಾಗ, ಎದೆಗೂಡನ್ನು ಹಿಡಿದು ಅಮುಕಿದಂತೆನಿಸುತ್ತದೆ. ತಣ್ಣೀರಿನ ಹೊಡೆತಕ್ಕೆ ಉಸಿರು ತಾನಾಗಿಯೇ ಗಿಡ್ಡವಾಗುತ್ತದೆ. ಸೂಟಿನ ಬಿಗಿತ ಸೇರಿದಾಗ ಭಯ ಅದರ ಬೆನ್ನಿಗೇ ಬರುತ್ತದೆ. ನಾನು ಮೊದಲ ಬಾರಿ ಇನ್ನೂರು ಮೀಟರ್ ದಾಟುವಷ್ಟರಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತ ತೇಲಬೇಕಾಯಿತು. ಆಗ ಕಾಪಾಡಿದ್ದೂ ಇದೇ ಸೂಟು: ಏನೂ ಮಾಡದೆ ಮಲಗಿದರೂ ಅದು ತೇಲಿಸುತ್ತದೆ. ಆಮೇಲಿನ ಸ್ಪರ್ಧೆಗಳಲ್ಲಿ, ಆರಂಭಕ್ಕೆ ಮುಂಚೆಯೇ ನೀರಿಗಿಳಿದು, ಕೊರಳಪಟ್ಟಿಯನ್ನು ಬೆರಳಿನಿಂದ ಹಿಗ್ಗಿಸಿ ಒಂದಿಷ್ಟು ನೀರು ಒಳಬಿಟ್ಟುಕೊಂಡು, ನಾಲ್ಕಾರು ಬಾರಿ ನೀರಿನೊಳಗೆ ಮುಖವಿಟ್ಟು ಉಸಿರು ಬಿಟ್ಟ ನಂತರವೇ ಸಾಲಿನಲ್ಲಿ ನಿಲ್ಲುತ್ತೇನೆ. ಕ್ಲಬ್ಬಿಗೆ ಹೊಸದಾಗಿ ಸೇರಿದವರು ಸ್ಪರ್ಧೆಯ ದಿನವೇ ಮೊದಲ ಬಾರಿ ವೆಟ್‌ಸೂಟು ತೊಡುವುದನ್ನು ಈಗಲೂ ನೋಡುತ್ತೇನೆ. ಅದು ಸೂಟಿನ ತಪ್ಪಲ್ಲ.

ಎಲ್ಲ ಸ್ಪರ್ಧೆಗೂ ಇದು ಒದಗುತ್ತದೆಂಬ ಭರವಸೆಯಿಲ್ಲ ಎಂಬುದನ್ನು ಕೊಳ್ಳುವ ಮೊದಲು ತಿಳಿದಿರಬೇಕು. ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮದಂತೆ, 1500 ಮೀಟರುವರೆಗಿನ ಈಜಿನಲ್ಲಿ ವೃತ್ತಿಪರ ದರ್ಜೆಯವರಿಗೆ ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ನಮ್ಮಂಥ ವಯೋವರ್ಗದ ಸ್ಪರ್ಧಿಗಳಿಗೆ 22 ಡಿಗ್ರಿ ಮುಟ್ಟಿದರೆ ವೆಟ್‌ಸೂಟು ನಿಷಿದ್ಧ. ನನ್ನ ಮೂರನೆಯ ಸ್ಪರ್ಧೆಯ ಬೆಳಗ್ಗೆ ಸಂಘಟಕರು ನೀರಿನ ಉಷ್ಣತೆ ಘೋಷಿಸುತ್ತಿದ್ದಂತೆ ನಮ್ಮ ಕ್ಲಬ್ಬಿನ ಸಾಲಿನಲ್ಲಿ ಎದ್ದ ನಿಟ್ಟುಸಿರು ಇನ್ನೂ ನೆನಪಿದೆ. ಸೂಟಿನಲ್ಲಷ್ಟೇ ಅಭ್ಯಾಸ ಮಾಡಿದ್ದ ನಾನು ಅಂದು ಕಾಲೆಳೆದುಕೊಂಡೇ ಈಜಿದೆ.

ಇನ್ನು ಈ ಸೂಟಿನ ನಿಜವಾದ ಪರೀಕ್ಷೆ ನಡೆಯುವ ಜಾಗಕ್ಕೆ ಬರೋಣ: ದಡದಿಂದ ಸೈಕಲ್ ನಿಲ್ಲಿಸಿದ ಕಂಬಿಯವರೆಗಿನ ಹಾದಿ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಟ್ರ್ಯಾಕ್ ಕ್ಲಬ್ಬಿನವರು ಮಿಷನ್ ಬೇ ತೀರದಲ್ಲಿ ಟ್ರಯಥ್ಲಾನ್ ಎಂಬ ಹೆಸರಿನ ಮೊದಲ ಸ್ಪರ್ಧೆಯನ್ನು ನಡೆಸಿದಾಗ ಸೈಕಲ್ಲು ಮುಗಿದ ಮೇಲೆ ಈಜು ಬರುತ್ತಿತ್ತು. ಒದ್ದೆ ಉಡುಪು ಕಳಚಿ ಸೈಕಲ್ ಏರುವ ಪ್ರಶ್ನೆಯೇ ಇರಲಿಲ್ಲ. ಈಜು ಮೊದಲಿಗೆ ಬಂದ ಮೇಲೆ, 1987ರಲ್ಲಿ ಡಾನ್ ಎಂಫೀಲ್ಡ್ ಟ್ರಯಥ್ಲಾನಿಗೆಂದೇ ವೆಟ್‌ಸೂಟು ರೂಪಿಸಿದ ಮೇಲೆ, ಕಳಚುವ ಕಲೆಯೂ ಕ್ರೀಡೆಯ ಭಾಗವಾಯಿತು. ಸೂಟು ನೀರಿನಲ್ಲಿ ಉಳಿಸಿಕೊಟ್ಟ ನಿಮಿಷವನ್ನು ಹುಲ್ಲಿನ ಮೇಲೆ ಒಂದೇ ಹಿಮ್ಮಡಿ ನುಂಗಿಬಿಡಬಲ್ಲದು.

ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ಮೊದಲ ಸ್ಪರ್ಧೆಯಲ್ಲಿ ದಡ ಹತ್ತಿ, ಅಡ್ಡ ಮಲಗಿದ್ದ ಮೈ ಒಮ್ಮೆಲೇ ನೆಟ್ಟಗಾದ ತಲೆಸುತ್ತಿನಲ್ಲೇ ಬೆನ್ನ ಹಿಂದಿನ ಜಿಪ್ಪಿನ ದಾರಕ್ಕೆ ತಡಕಾಡಿದೆ. ದಾರ ಸಿಕ್ಕಿತು, ಜಿಪ್ಪು ಇಳಿಯಿತು, ತೋಳುಗಳು ಬಂದವು. ಸೂಟು ಸೊಂಟಕ್ಕೆ ಇಳಿದು ನೇತಾಡುತ್ತಿದ್ದಂತೆ ಸೈಕಲ್ಲಿನ ಬಳಿ ತಲುಪಿದೆ. ಅಲ್ಲಿಂದ ಮುಂದೆ ಎಡಗಾಲು ಹೊರಬರಲೇ ಇಲ್ಲ. ಕಣಕಾಲಿಗೆ ಕಟ್ಟಿದ್ದ ಸಮಯಮಾಪಕ ಚಿಪ್ಪಿನ ಪಟ್ಟಿಗೆ ಸೂಟಿನ ಅಂಚು ಸಿಕ್ಕಿಕೊಂಡಿತ್ತು. ಒಂಟಿಕಾಲಿನಲ್ಲಿ ಕುಣಿದು, ಪಕ್ಕದವರ ಸೈಕಲ್ಲಿಗೆ ಒರಗಿ, ಕೊನೆಗೆ ನೆಲದ ಮೇಲೆ ಕುಳಿತು ಎರಡೂ ಕೈಗಳಿಂದ ಎಳೆದೆ. ನನಗಿಂತ ಹಿಂದೆ ಬಂದ ನಮ್ಮ ಕ್ಲಬ್ಬಿನವರೇ ಮೂವರು ಹೆಲ್ಮೆಟ್ ಬಿಗಿದುಕೊಂಡು ಹೊರಟರು. ಹೆಲ್ಮೆಟಿನ ಕೊಂಡಿ ಹಾಕದೆ ಸೈಕಲ್ ಮುಟ್ಟಿದರೆ ದಂಡನೆಯಾದ್ದರಿಂದ ಆ ಗಡಿಬಿಡಿಯಲ್ಲೂ ಅದನ್ನು ಮರೆಯುವಂತಿರಲಿಲ್ಲ. ಫಲಿತಾಂಶದಲ್ಲಿ ನನ್ನ ಮೊದಲ ಬದಲಾವಣೆಯ, ಅಂದರೆ ಈಜಿನಿಂದ ಸೈಕಲ್ಲಿಗೆ ಹೊರಳುವ, ಸಮಯ ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್ ಎಂದಿತ್ತು.

ಪರಿಹಾರ ಸೂಟಿನಲ್ಲೇ ಇತ್ತು. ಮೀನಖಂಡದ ಕೆಳಗಿನ ಅಂಚನ್ನು ಹೊಲಿಗೆಯಿಲ್ಲದೆ, ಬೇಕಾದಷ್ಟು ಕತ್ತರಿಸಿಕೊಳ್ಳಲು ಬರುವಂತೆ ಬಿಟ್ಟಿದ್ದಾರೆ. ಕೈಪಿಡಿಯೂ ಅದಕ್ಕೆ ಅನುಮತಿ ಕೊಡುತ್ತದೆ. ಎಲ್ಲ ತಯಾರಕರೂ ಕೊಡುವುದಿಲ್ಲ, ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಓದಿಕೊಳ್ಳಬೇಕು. ನಾನು ಮೂರು ಬೆರಳಗಲ ಕತ್ತರಿಸಿ ತೆಗೆದೆ. ಬಾಯಿ ಅಗಲವಾಯಿತು, ಚಿಪ್ಪಿನ ಪಟ್ಟಿಯೂ ಅಂಚಿನಿಂದ ದೂರ ಉಳಿಯಿತು. ಕಣಕಾಲು, ಹಿಮ್ಮಡಿಗಳಿಗೂ ಮುಲಾಮು ಹಚ್ಚಿ, ಒಳಗಿನ ನೀರು ಬಸಿದುಹೋಗುವ ಮುನ್ನವೇ ಮೊಣಕಾಲಿನ ಕೆಳಕ್ಕೆ ದೂಡಿ, ಒಂದು ಕಾಲಿನಿಂದ ಇನ್ನೊಂದರ ಮೇಲಿನ ಸೂಟನ್ನು ತುಳಿದು ಹಿಡಿದರೆ, ಹಾವು ಪೊರೆ ಬಿಟ್ಟಂತೆ ಕಳಚಿಕೊಳ್ಳುತ್ತದೆ. ಈಗ ಅದೇ ಬದಲಾವಣೆ ಎರಡು ನಿಮಿಷದೊಳಗೆ ಮುಗಿಯುತ್ತದೆ. ಜಿಪ್ಪಿನ ದಾರ ಮಾತ್ರ ಇನ್ನಷ್ಟು ಉದ್ದವಿರಬೇಕಿತ್ತು. ಚಳಿಗೆ ಮರಗಟ್ಟಿದ ಬೆರಳುಗಳಿಗೆ ಅದರ ಸಣ್ಣ ಗಂಟು ಸಿಗುವುದೇ ಇಲ್ಲ. ನಾನು ಇನ್ನೊಂದು ಗೇಣು ದಾರ ಸೇರಿಸಿ ಗಂಟು ಹಾಕಿಕೊಂಡಿದ್ದೇನೆ.

ಬಾಳಿಕೆ ಪರವಾಗಿಲ್ಲ. ನಯವಾದ ಹೊರಮೈ ನೀರಿನಲ್ಲಿ ಜಾರಲು ಚೆನ್ನ, ಉಗುರಿಗೆ ಮಾತ್ರ ಬಲು ದುರ್ಬಲ. ಮೇಲೆಳೆಯುವಾಗ ಉಗುರು ತಾಗಿ ತೊಡೆಯ ಮೇಲೆ ಅರ್ಧಚಂದ್ರಾಕಾರದ ಎರಡು ಸೀಳುಗಳಾದವು; ನಿಯೋಪ್ರೀನ್ ಅಂಟಿನಿಂದ ಮುಚ್ಚಿದೆ, ಮತ್ತೆ ಬಿಟ್ಟಿಲ್ಲ. ಈಗ ಬೆರಳ ತುದಿಯ ಬದಲು ಅಂಗೈಯಿಂದ ಹಿಡಿದು ಎಳೆಯುತ್ತೇನೆ, ಗೆಳೆಯರಿಗೆ ಕೊಡುವಾಗ ಹತ್ತಿಯ ಕೈಗವಸನ್ನೂ ಜೊತೆಗೆ ಕೊಡುತ್ತೇನೆ. ಹೊಲಿಗೆಗಳು ಗಟ್ಟಿಯಾಗಿವೆ. ಈಜಿದ ಮೇಲೆ ಸಿಹಿನೀರಿನಲ್ಲಿ ಜಾಲಿಸಿ, ಒಳಮೈ ಹೊರಮಾಡಿ ನೆರಳಿನಲ್ಲಿ ಒಣಗಿಸಿದರೆ ವಾಸನೆಯೂ ಬರುವುದಿಲ್ಲ.

ಅಳತೆಯ ಪಟ್ಟಿ ಎತ್ತರ ಮತ್ತು ತೂಕವನ್ನಷ್ಟೇ ಕೇಳುತ್ತದೆ. ಎದೆ ಮತ್ತು ಸೊಂಟದ ಸುತ್ತಳತೆಯನ್ನೂ ಕೇಳಬೇಕಿತ್ತು. ನಾನು ಎರಡು ಅಳತೆಗಳ ನಡುವೆ ಬಿದ್ದೆ, ಚಿಕ್ಕದನ್ನು ಆರಿಸಿದೆ. ಎದೆಯ ಬಿಗಿತಕ್ಕೆ ಅದೂ ಒಂದು ಕಾರಣವಿರಬಹುದು. 750 ಮೀಟರ್ ಈಜಿನ ಸ್ಪ್ರಿಂಟ್ ಸ್ಪರ್ಧೆಗಳಿಗಷ್ಟೇ ಇಳಿಯುವವರಿಗೆ, ಅದರಲ್ಲೂ ಚೆನ್ನಾಗಿ ಕಾಲು ಬಡಿಯಬಲ್ಲವರಿಗೆ, ಬೇಗ ಕಳಚಬಲ್ಲ ತೋಳಿಲ್ಲದ ಸೂಟೇ ಸಾಕು. 1.5 ಕಿಲೋಮೀಟರ್ ಈಜಿನ ಒಲಿಂಪಿಕ್ ಅಂತರಕ್ಕೆ ಸಿದ್ಧವಾಗುತ್ತಿರುವ, ಕಾಲು ಮುಳುಗುವ, ತಣ್ಣೀರಿಗೆ ಅಳುಕುವ ಕ್ಲಬ್ ಸ್ಪರ್ಧಿಗೆ ಈ ಸೂಟನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಇದು ಹಾಳಾದಾಗ ಇದನ್ನೇ ಮತ್ತೆ ಕೊಳ್ಳುತ್ತೇನೆ, ಒಂದು ಅಳತೆ ದೊಡ್ಡದು. ಕಾಲಿನ ಅಂಚನ್ನು ಮೊದಲ ದಿನವೇ ಕತ್ತರಿಸುತ್ತೇನೆ.